ಲೇಖ್ಯಶುದ್ಧಿ: ಪಾಂಡುಲೇಖದಿಂದ ಧ್ವನಿಮುದ್ರಿಕೆಯವರೆಗೆ

ಬರೆದಿಟ್ಟ ಮಾತ್ರಕ್ಕೆ ಯಾವುದೂ ಪ್ರಮಾಣವೆನಿಸದು, ಅದಕ್ಕೆ ಶುದ್ಧಿಯಿರಬೇಕು. ಈ ತತ್ತ್ವವನ್ನು ನಮ್ಮ ವ್ಯವಹಾರಶಾಸ್ತ್ರವು ಎಷ್ಟು ಸೂಕ್ಷ್ಮವಾಗಿ ವಿವೇಚಿಸಿತ್ತೆಂಬುದು, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರಾ ವ್ಯಾಖ್ಯಾನದಿಂದ ವಿದಿತವಾಗುತ್ತದೆ. ತನಿಖಾಧಿಕಾರಿಯ ಟಿಪ್ಪಣಿಗಳನ್ನೂ ಧ್ವನಿಮುದ್ರಿಕೆಗಳನ್ನೂ ನ್ಯಾಯಸ್ಥಾನಕ್ಕೆ ಸಿದ್ಧಪಡಿಸುವಲ್ಲಿ ಇಂದು ತಲೆದೋರುವ ಪ್ರಶ್ನೆಗಳ ಬೀಜವು ಅಲ್ಲಿಯೇ ಇದೆ.

ಲಿಖಿತ, ಭುಕ್ತಿ, ಸಾಕ್ಷಿ ಎಂದು ಮಾನುಷಪ್ರಮಾಣಗಳು ಮೂರು. ವಾದಿಯ ಮಾತನ್ನು ಪ್ರತಿವಾದಿಯ ಎದುರಿನಲ್ಲಿಯೇ ವರ್ಷ, ಮಾಸ, ಪಕ್ಷ, ದಿನ, ನಾಮಾದಿಗಳೊಡನೆ ಬರೆಯಿಸಬೇಕು. ಪ್ರಾಡ್ವಿವಾಕನು ಅದನ್ನು ಮೊದಲು ಹಲಗೆಯ ಮೇಲೆ ಪಾಂಡುಲೇಖದಿಂದ, ಎಂದರೆ ಬಳಪದಿಂದ, ಬರೆಯಿಸಿ, ತಿದ್ದಿದ ಬಳಿಕವೇ ಪತ್ರಕ್ಕೇರಿಸಬೇಕೆಂದು ಕಾತ್ಯಾಯನನ ವಿಧಿ. ಆದರೆ ತಿದ್ದುವಿಕೆಗೂ ಒಂದು ಮೇರೆಯುಂಟು: ಪ್ರತಿವಾದಿಯ ಉತ್ತರವು ಬಂದ ಮೇಲೆ ತಿದ್ದಲಾಗದೆಂದು ನಾರದನು ನಿಯಮಿಸಿದನು. ಇನ್ನು ಋಣಪತ್ರಾದಿ ಲೇಖ್ಯಗಳಲ್ಲಿ ಸಾಕ್ಷಿಗಳು ತಂದೆಯ ಹೆಸರಿನೊಡನೆ ಸ್ವಹಸ್ತದಿಂದ ಬರೆಯಬೇಕು. ಕಡೆಯಲ್ಲಿ ಲೇಖಕನು, ಉಭಯರ ಪ್ರಾರ್ಥನೆಯಂತೆ ಇಂಥವನ ಮಗನಾದ ತಾನೇ ಇದನ್ನು ಬರೆದೆನೆಂದು ಒಪ್ಪಬೇಕು. ಸಂದೇಹ ಹುಟ್ಟಿದಲ್ಲಿ ಸ್ವಹಸ್ತದ ಬೇರೆ ಬರವಣಿಗೆಯೊಡನೆ ಹೋಲಿಸಿ ಶೋಧಿಸಬೇಕು.

1872ರ ಭಾರತೀಯ ಸಾಕ್ಷ್ಯ ಅಧಿನಿಯಮವು ಇದೇ ವಿಷಯವನ್ನು ಬೇರೆ ಮಾರ್ಗದಿಂದ ಹಿಡಿಯಿತು. ಘಟನೆಯ ಕಾಲದಲ್ಲಿಯೇ ಅಥವಾ ನೆನಪು ಮಾಸುವ ಮುನ್ನ ಬರೆದ ಟಿಪ್ಪಣಿಯನ್ನು ನೋಡಿ ಸಾಕ್ಷಿಯು ಸ್ಮೃತಿಯನ್ನು ಚುರುಕುಗೊಳಿಸಿಕೊಳ್ಳಬಹುದು. ಹಾಗೆ ನೋಡಿದುದನ್ನು ಪ್ರತಿಪಕ್ಷಕ್ಕೂ ತೋರಿಸಿ ಪ್ರಶ್ನೆಗೆ ಒಡ್ಡಬೇಕು. 1973ರ ದಂಡಪ್ರಕ್ರಿಯಾ ಸಂಹಿತೆಯು ಪೊಲೀಸರ ತನಿಖಾ ದಿನಚರಿಯನ್ನು ವಿಚಾರಣೆಗೆ ಸಹಾಯಕವೆಂದಿತೇ ಹೊರತು ಸಾಕ್ಷ್ಯವೆನ್ನಲಿಲ್ಲ. ತನ್ನ ಬರಹವೇ ತನಗೆ ಸಾಕ್ಷಿಯಾಗಬಾರದೆಂಬುದೇ ಇದರ ಆಶಯ.

ಮನುಷ್ಯನ ಕೈಗೆ ರಾಗದ್ವೇಷಗಳುಂಟು, ಯಂತ್ರಕ್ಕೆ ಅವಿಲ್ಲ. ಆದಕಾರಣ ಧ್ವನಿಮುದ್ರಿಕೆಗೆ ಶೋಧನೆ ಏತಕ್ಕೆ ಎಂದು ಶಂಕಿಸಬಹುದು. ಯಂತ್ರಕ್ಕೆ ಇಲ್ಲವಾದರೂ ಅದನ್ನು ನಡೆಸುವ, ಕತ್ತರಿಸುವ, ಜೋಡಿಸುವ ಕೈಗೆ ಉಂಟೆಂಬುದೇ ಸಮಾಧಾನ. ಆದುದರಿಂದಲೇ 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಮಸಿಂಗ್ ಚುನಾವಣಾ ವ್ಯಾಜ್ಯದಲ್ಲಿ, ಧ್ವನಿಯು ಯಾರದೆಂದು ಗುರುತಾಗಬೇಕು, ಮುದ್ರಣವು ಯಥಾರ್ಥವೆಂದು ಸಿದ್ಧವಾಗಬೇಕು, ಅಳಿಸಿ ಸೇರಿಸಿದ ಸಂಶಯವಿರಬಾರದು, ವಿಷಯಕ್ಕೆ ಸಂಬಂಧಪಟ್ಟಿರಬೇಕು, ಮುದ್ರೆಯೊತ್ತಿ ಭದ್ರವಾಗಿಟ್ಟಿರಬೇಕು, ಮಾತು ಸ್ಪಷ್ಟವಾಗಿರಬೇಕು ಎಂದು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಬೇಡುತ್ತದೆ: ಉಪಕರಣದ ಹೊಣೆಗಾರನೂ ತಜ್ಞನೂ ಅದಕ್ಕೆ ಸಹಿ ಹಾಕಬೇಕು, ದಾಖಲೆಯ ‘ಹ್ಯಾಷ್’ ಎಂಬ ಗಣಿತಮುದ್ರೆಯನ್ನೂ ಅದರಲ್ಲಿ ಕಾಣಿಸಬೇಕು. ದಾಖಲೆಯಲ್ಲಿ ಒಂದಕ್ಷರ ಬದಲಾದರೂ ಆ ಮುದ್ರೆಯು ಬೇರೆಯಾಗುತ್ತದೆ.

ಪ್ರಾಚೀನರಿಗೆ ಶುದ್ಧಿಯೆಂದರೆ ತಿದ್ದಿ ನಿರ್ದೋಷಗೊಳಿಸುವುದು. ಬಳಪದ ಮೊದಲ ಬರಹವು ಅಳಿಸಿಹೋಗುತ್ತಿತ್ತು. ನವೀನರಿಗೆ ಶುದ್ಧಿಯೆಂದರೆ ಮೊದಲಿನದನ್ನು ಮುಟ್ಟದೆ ಉಳಿಸುವುದು. ಇಷ್ಟು ಭೇದವಿದ್ದರೂ ಲೇಖಕನ ಕಡೆಯ ವಾಕ್ಯಕ್ಕೂ ಇಂದಿನ ಪ್ರಮಾಣಪತ್ರಕ್ಕೂ ಪ್ರಯೋಜನವೊಂದೇ. ಲೇಖ್ಯವು ತಾನಾಗಿ ನುಡಿಯದು. ಅದರ ಹೊಣೆಯನ್ನು ಹೊತ್ತು, ಪ್ರಶ್ನೆಗೆ ಉತ್ತರ ಕೊಡಬಲ್ಲ ಮನುಷ್ಯನೊಬ್ಬನಿರಬೇಕು. ಅಂಥವನಿಲ್ಲದ ಬರಹವನ್ನು ನಂಬಿ ದಂಡ ವಿಧಿಸಿದಲ್ಲಿ ನಿರಪರಾಧಿಯು ಕೆಡುವನು. ಅಂಥವನಿಲ್ಲದ ಕಾರಣ ನಿಜವಾದ ಬರಹವು ತಳ್ಳಿಹೋದಲ್ಲಿ ನೊಂದವನಿಗೆ ನ್ಯಾಯವು ದೊರೆಯದು.