ಗುಲಾಬಿಯೊಡನೆ ಲಿಲ್ಲಿ
ಮದುವೆಯ ಸ್ಮಾರಕ ಪದಕ | ಬೆಳ್ಳಿ | 1625

ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್ ಹಾಗೂ ಫ್ರಾನ್ಸಿನ ರಾಜಕುಮಾರಿ ಹೆನ್ರಿಯೆಟಾ ಮರಿಯಾ ಅವರ ಮದುವೆಯ ನೆನಪಿಗೆ ಟಂಕಿಸಿದ ಪುಟ್ಟ ಪದಕವಿದು. ಮುಂಬದಿಯಲ್ಲಿ ದಂಪತಿ ಮುಖಾಮುಖಿಯಾಗಿದ್ದಾರೆ. ಹಿಂಬದಿಯಲ್ಲಿ ರೆಕ್ಕೆಯುಳ್ಳ ಪ್ರೇಮದೇವತೆ ಕ್ಯೂಪಿಡ್ ಹೂ ಚೆಲ್ಲುತ್ತಿದ್ದಾನೆ. ಗುಲಾಬಿ ಇಂಗ್ಲೆಂಡಿನ ಲಾಂಛನ, ಲಿಲ್ಲಿ ಆಗಿನ ಫ್ರಾನ್ಸಿನದು. ‘ಪ್ರೇಮವು ಗುಲಾಬಿ ಬೆರೆತ ಲಿಲ್ಲಿಗಳನ್ನು ಸುರಿಸುತ್ತದೆ’ ಎಂಬುದು ಪದಕದ ಮೇಲಿನ ಲ್ಯಾಟಿನ್ ಬರಹದ ಅರ್ಥ.

ವರ ಪ್ರಾಟೆಸ್ಟೆಂಟ್, ವಧು ಕ್ಯಾಥೊಲಿಕ್. ಹೀಗಾಗಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಬಾಗಿಲ ಮುಂದೆ, ಹೊರಗಿನ ವೇದಿಕೆಯ ಮೇಲೆ ಮದುವೆ ನಡೆಯಿತು. ವರ ಅಲ್ಲಿರಲಿಲ್ಲ, ಅವನ ಪರವಾಗಿ ಷೆವ್ರೋಸ್‌ನ ಡ್ಯೂಕ್ ನಿಂತಿದ್ದ. ವಧುವಿಗೆ ಆಗ 15 ವರ್ಷ. ಎರಡು ರಾಜ್ಯಗಳು ಹತ್ತಿರವಾಗಲೆಂಬ ಅಂದಿನ ಹಾರೈಕೆ, ಅಂಗೈಯೊಳಗೆ ಅಡಗುವ ಈ ಬೆಳ್ಳಿಯಲ್ಲಿ ಇಂದಿಗೂ ಉಳಿದಿದೆ.