ಮರ ಬೆಳೆದಂತೆ ಸೊರಗಿದ ಹೊಳೆ

ಹೊಳೆದಂಡೆಯಲ್ಲಿ ಮರ ನೆಡುವುದು ಪುಣ್ಯದ ಕೆಲಸ ಎಂದು ಕೇಳುತ್ತಲೇ ಬೆಳೆದವನು ನಾನು. ಹೊಂಗೆ, ನೇರಳೆ, ಹೊಳೆಮತ್ತಿಗಳ ಬೇರು ದಂಡೆ ಕುಸಿಯದಂತೆ ಹಿಡಿದಿರುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಿ, ಅಮೆರಿಕದ ನೆಬ್ರಾಸ್ಕಾದಲ್ಲಿ ಪರಿಸರ ಕಾಯುವವರೇ ನದಿಪಾತ್ರದ ಮರಗಳನ್ನು ಕಡಿಸುತ್ತಾರೆ ಎಂದು ಓದಿದಾಗ ನನಗೆ ನಂಬಲಾಗಲಿಲ್ಲ. ಆ ನದಿಯ ಹೆಸರು ಪ್ಲಾಟ್. ಅದರ ಚರಿತ್ರೆ ತಿಳಿದ ಮೇಲೆ ನನ್ನ ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಯಿತು.

ಪ್ಲಾಟ್ ಎಂದರೆ ಫ್ರೆಂಚಿನಲ್ಲಿ ಚಪ್ಪಟೆ ಎಂದರ್ಥ. 1840ರ ದಶಕದಲ್ಲಿ ಗಾಡಿ ಕಟ್ಟಿಕೊಂಡು ಆರೆಗಾನ್ ಕಡೆಗೆ ಹೊರಟ ವಲಸಿಗರು ಈ ನದಿಯ ಗುಂಟವೇ ಸಾಗಿದರು. ಅಗಲ ಒಂದು ಮೈಲಿ, ಆಳ ಒಂದು ಅಂಗುಲ ಎಂಬುದು ಅದರ ಬಗ್ಗೆ ಹುಟ್ಟಿಕೊಂಡ ತಮಾಷೆಯ ಮಾತು. ವಿಶಾಲವಾದ ಮರಳ ಹಾಸು, ಅದರ ಮೇಲೆ ಜಡೆ ಹೆಣೆದಂತೆ ಕೂಡಿ ಅಗಲುವ ಹತ್ತಾರು ಕವಲುಗಳು. ದಂಡೆಯಲ್ಲಿ, ದ್ವೀಪಗಳಲ್ಲಿ ಅಲ್ಲಲ್ಲಿ ಮರಗಳಿದ್ದರೂ ನಡುವಿನ ಮರಳು ಬೋಳಾಗಿಯೇ ಇರುತ್ತಿತ್ತು.

ಅದನ್ನು ಬೋಳಾಗಿಡುತ್ತಿದ್ದುದು ನೆರೆ. ಕಾಟನ್‌ವುಡ್ ಮರದ ಬೀಜಗಳು ಬೇಸಿಗೆಯ ಆರಂಭದಲ್ಲಿ ಹತ್ತಿಯಂತೆ ಹಾರಿ ಬರುತ್ತವೆ. ಮೊಳೆಯಲು ಅವಕ್ಕೆ ಹಸಿಯಾದ ಬರಿ ಮರಳು ಬೇಕು. ಸರಿಯಾಗಿ ಆ ಹೊತ್ತಿಗೇ ರಾಕಿ ಪರ್ವತದ ಹಿಮ ಕರಗಿ ಬಂದ ನೀರು ಮರಳ ದಿಬ್ಬಗಳನ್ನು ಮುಳುಗಿಸುತ್ತಿತ್ತು. ಹೇಗೋ ಮೊಳೆತ ಸಸಿಗಳನ್ನು ಚಳಿಗಾಲದ ಮಂಜುಗಡ್ಡೆಯೋ ಮುಂದಿನ ನೆರೆಯೋ ಕಿತ್ತೊಯ್ಯುತ್ತಿತ್ತು.

ನೀರಾವರಿಗಾಗಿ 1909ರಲ್ಲಿ ಪಾತ್‌ಫೈಂಡರ್ ಅಣೆಕಟ್ಟು, 1941ರಲ್ಲಿ ಕಿಂಗ್‌ಸ್ಲಿ ಅಣೆಕಟ್ಟು ಎದ್ದವು. ನೆರೆ ಜಲಾಶಯಗಳಲ್ಲಿ ನಿಂತಿತು. ಕಾಟನ್‌ವುಡ್, ವಿಲ್ಲೋ ಸಸಿಗಳು ಬದುಕುಳಿದವು. ಕಾಂಡಗಳ ನಡುವೆ ನೀರಿನ ವೇಗ ತಗ್ಗಿ ಮರಳು, ಮಣ್ಣು ಕೂತಿತು, ಬೇರು ಅದನ್ನು ಬಿಗಿದು ಹಿಡಿಯಿತು, ದಿಬ್ಬ ಎತ್ತರವಾಯಿತು. ಎತ್ತರವಾದ ದಿಬ್ಬಕ್ಕೆ ನೀರು ಏರುವುದೇ ಅಪರೂಪವಾಗಿ ಇನ್ನಷ್ಟು ಗಿಡ ಬೆಳೆದವು. ದಿಬ್ಬ ದ್ವೀಪವಾಯಿತು, ದ್ವೀಪ ದಂಡೆಗೆ ಸೇರಿತು. ಭೂವಿಜ್ಞಾನಿ ಗಾರ್ನೆಟ್ ವಿಲಿಯಮ್ಸ್ 1978ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೇಲ್ಭಾಗದ ಕೆಲವೆಡೆ ನದಿಯ ಅಗಲ 1860ರ ದಶಕದಲ್ಲಿದ್ದುದರ ಐದನೆಯ ಒಂದು ಪಾಲಿಗೂ ಇಳಿದಿತ್ತು.

ಗಿಡಗಳಿಗೆ ನಿಜಕ್ಕೂ ಇಷ್ಟು ಶಕ್ತಿಯಿದೆಯೇ? 2007ರಲ್ಲಿ ಮಿಷಲ್ ಟಾಲ್ ಮತ್ತು ಕ್ರಿಸ್ ಪಾವೊಲಾ ಮಿನೆಸೋಟಾದ ಪ್ರಯೋಗಾಲಯದಲ್ಲಿ ಮರಳಿನ ಪುಟ್ಟ ನದಿಯೊಂದನ್ನು ಹರಿಸಿದರು. ಮೊದಲು ಅದು ಹಲವು ಕವಲಾಗಿಯೇ ಹರಿಯಿತು. ಆಮೇಲೆ, ನಮ್ಮ ರೈತರು ಕುದುರೆ ಮಸಾಲೆ ಎಂದು ಕರೆಯುವ ಮೇವಿನ ಬೀಜವನ್ನು ಮತ್ತೆ ಮತ್ತೆ ಎರಚಿದರು. ಸಸಿಗಳು ಬೇರೂರಿದಂತೆ ಕವಲುಗಳು ಕೂಡಿ, ಅಂಕುಡೊಂಕಾಗಿ ಹರಿಯುವ ಒಂದೇ ಹೊಳೆಯಾಯಿತು.

ಪ್ಲಾಟ್ ಸೊರಗಿದಾಗ ನೆಲೆ ಕಳೆದುಕೊಂಡದ್ದು ಹಕ್ಕಿಗಳು. ಪ್ರತಿ ವಸಂತದಲ್ಲಿ ಲಕ್ಷಗಟ್ಟಲೆ ಸ್ಯಾಂಡ್‌ಹಿಲ್ ಕ್ರೇನ್‌ಗಳು ಇಲ್ಲಿ ತಂಗುತ್ತವೆ. ಶತ್ರು ದೂರದಿಂದಲೇ ಕಾಣುವಂಥ ಬಯಲಾದ, ತೆಳು ನೀರಿನಲ್ಲಿ ನಿಂತೇ ಅವು ರಾತ್ರಿ ಕಳೆಯಬೇಕು. ಮರ ಕಡಿಸುವುದು ಅದಕ್ಕಾಗಿ: ನೆರೆ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರಗಳು ವರ್ಷವರ್ಷವೂ ಮಾಡುತ್ತಿವೆ.

ಇದರಲ್ಲಿ ಮರದ ತಪ್ಪೇನೂ ಇಲ್ಲ. ಸಿಕ್ಕ ಜಾಗದಲ್ಲಿ ಬೇರು ಬಿಡುವುದು ಅದರ ಧರ್ಮ. ನದಿಯ ಅಗಲವನ್ನು ತೀರ್ಮಾನಿಸುವುದು ಬೇರು ಮತ್ತು ನೆರೆಯ ನಡುವಿನ ಹಗ್ಗಜಗ್ಗಾಟ. ನಾವು ಒಂದು ಕಡೆಯವರ ಕೈಯಿಂದ ಹಗ್ಗ ಕಿತ್ತುಕೊಂಡೆವು. ಅಣೆಕಟ್ಟಿನ ಕೆಳಗೆ ಬತ್ತಿದ ನಮ್ಮ ಹೊಳೆಗಳಲ್ಲಿ ಆಪು, ಬಳ್ಳಾರಿ ಜಾಲಿ ಎದ್ದು ನಿಂತಿರುವುದನ್ನು ಕಂಡಾಗ, ಇದು ಹಸಿರು ಎಂದು ಈಗ ನಾನು ಸುಮ್ಮನೆ ಖುಷಿಪಡುವುದಿಲ್ಲ. ಇಲ್ಲಿಗೆ ನೆರೆ ಬಂದು ಎಷ್ಟು ವರ್ಷವಾಯಿತು ಎಂದು ಊರಿನ ಹಿರಿಯರನ್ನು ಕೇಳುತ್ತೇನೆ.