ಒಪ್ಪಿಗೆಯ ಸಹಿ ಮತ್ತು ಹೊಣೆಗಾರಿಕೆ: ಕಾಳಗದ ಕ್ರೀಡೆಗೆ ನಿಯಮಗಳು ಬಂದ ಬಗೆ

ಕೆಲವು ವಾರಗಳ ಹಿಂದೆ ಇಶಾ ನಮಾಝಿನ ಬಳಿಕ ಪರಿಚಿತರೊಬ್ಬರು ಮಸೀದಿಯ ಜಗಲಿಯಲ್ಲಿ ನನ್ನನ್ನು ನಿಲ್ಲಿಸಿ ಒಂದು ಕಾಗದವನ್ನು ಕೈಗಿತ್ತರು. ಅವರ ಹದಿನೇಳರ ಹರೆಯದ ಮಗ ಮಿಶ್ರ ಸಮರ ಕಲೆಯ, ಅಂದರೆ ಯುವಕರು ಎಂ.ಎಂ.ಎ. ಎಂದು ಕರೆಯುವ ಕ್ರೀಡೆಯ ಹವ್ಯಾಸಿ ಪಂದ್ಯವೊಂದರಲ್ಲಿ ಸ್ಪರ್ಧಿಸಲು ಹೊರಟಿದ್ದ. ಅದಕ್ಕೆ ತಂದೆಯ ಸಹಿ ಬೇಕಿತ್ತು. ಗಾಯ ಅಥವಾ ಸಾವು ಸಂಭವಿಸಿದರೆ ಸಂಘಟಕರು ಹೊಣೆಯಲ್ಲ ಎಂದು ಆ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪಂದ್ಯದ ನಿಯಮಗಳೇನು, ಸ್ಥಳದಲ್ಲಿ ವೈದ್ಯರಿರುವರೇ ಎಂಬ ಬಗ್ಗೆ ಒಂದಕ್ಷರವೂ ಇರಲಿಲ್ಲ. “ಉಸ್ತಾದರೇ, ಇದಕ್ಕೆ ನಾನು ಸಹಿ ಹಾಕಬಹುದೇ?” ಎಂದು ಅವರು ಕೇಳಿದರು.

ನಾನು ಎರಡು ದಿನಗಳ ಸಮಯ ಕೇಳಿದೆ. ಏಕೆಂದರೆ ಆ ಪ್ರಶ್ನೆಯ ಹಿಂದೆ ಒಂದು ದೀರ್ಘ ಇತಿಹಾಸವಿದೆ. ಕಾಳಗದ ಕ್ರೀಡೆಯಲ್ಲಿ ಇಂದು ನಾವು ಕಾಣುವ ನಿಯಮಗಳಲ್ಲಿ ಹಲವು ಯಾರದೋ ಮನೆಯ ಮಗ ನೆಲಕ್ಕುರುಳಿದ ಬಳಿಕ ಬರೆದವುಗಳಾಗಿವೆ.

ಮುಷ್ಟಿಯುದ್ಧಕ್ಕೆ ಲಿಖಿತ ನಿಯಮಗಳು ಲಂಡನಿನಲ್ಲಿ 1743ರಲ್ಲಿ ಬಂದವು. ಜ್ಯಾಕ್ ಬ್ರಾಟನ್ ಎಂಬ ಮಲ್ಲ ಅವುಗಳನ್ನು ರೂಪಿಸಿದ. ಕೆಳಗೆ ಬಿದ್ದವನಿಗೆ ಹೊಡೆಯಬಾರದು ಎಂಬುದು ಅವುಗಳಲ್ಲಿ ಮುಖ್ಯವಾದುದು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಕೈಗವಸು, ಮೂರು ನಿಮಿಷಗಳ ಸುತ್ತು ಮತ್ತು ಹತ್ತು ಸೆಕೆಂಡುಗಳ ಎಣಿಕೆಯನ್ನು ತಂದವು. ಆದರೂ ಸಾವು ನಿಲ್ಲಲಿಲ್ಲ. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಕೊರಿಯಾದ ಕಿಮ್ ಡುಕ್ ಕೂ ಹದಿನಾಲ್ಕನೇ ಸುತ್ತಿನಲ್ಲಿ ಕುಸಿದು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಬಳಿಕವೇ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಹದಿನೈದು ಸುತ್ತುಗಳನ್ನು ಹನ್ನೆರಡಕ್ಕೆ ಇಳಿಸಿತು.

ನಮ್ಮ ಮನೆಗಳಲ್ಲಿ ಬಾಕ್ಸಿಂಗ್ ಎಂದರೆ ಮುಹಮ್ಮದ್ ಅಲಿಯವರ ನೆನಪು. ಅವರು ಕೊನೆಯ ಬಾರಿ ಕಾದಾಡಿದ್ದು 1981ರಲ್ಲಿ. 1984ರಲ್ಲಿ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ತಿಳಿಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಡುಗುವ ಕೈಯಲ್ಲಿ ಅವರು ಜ್ಯೋತಿ ಬೆಳಗಿಸಿದ ದೃಶ್ಯವನ್ನು ಕಂಡವರು ಮರೆಯಲಾರರು.

ಇದೇ ಅವಧಿಯಲ್ಲಿ ಮುಸ್ಲಿಂ ವಿದ್ವಾಂಸರೂ ಈ ವಿಷಯವನ್ನು ಚರ್ಚಿಸಿದರು. 1987ರಲ್ಲಿ ಮಕ್ಕಾದಲ್ಲಿ ಸೇರಿದ ರಾಬಿತತುಲ್ ಆಲಮಿಲ್ ಇಸ್ಲಾಮಿಯ ಫಿಕ್ಹ್ ಸಮಿತಿಯು ಬಾಕ್ಸಿಂಗ್ ಮತ್ತು ಎದುರಾಳಿಗೆ ಹಾನಿ ಮಾಡಲು ಅವಕಾಶವಿರುವ ಮುಕ್ತ ಕುಸ್ತಿಯನ್ನು ನಿಷಿದ್ಧವೆಂದು ತೀರ್ಮಾನಿಸಿತು. ಹಾನಿಯಿಲ್ಲದೆ ದೇಹಬಲಕ್ಕಾಗಿ ಆಡುವ ಕುಸ್ತಿಯನ್ನು ಅದು ನಿಷೇಧಿಸಲಿಲ್ಲ. ರುಕಾನ ಎಂಬ ಮಲ್ಲನೊಂದಿಗೆ ಪ್ರವಾದಿಯವರು(ಸ) ಕುಸ್ತಿಯಾಡಿದ ಪ್ರಸಂಗ ಹದೀಸ್ ಸಂಗ್ರಹಗಳಲ್ಲಿದೆ. ಹೊಡೆದಾಟದಲ್ಲಿಯೂ ಮುಖಕ್ಕೆ ಹೊಡೆಯಬಾರದೆಂಬ ಆದೇಶ ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿದೆ. ಸಮಿತಿಯ ಆಕ್ಷೇಪದ ತಿರುಳು ಗಮನಾರ್ಹ: ಈ ಆಟದಲ್ಲಿ ಇಬ್ಬರೂ ಪರಸ್ಪರರ ದೇಹಕ್ಕೆ ಕುರುಡುತನ, ಮೆದುಳಿನ ಹಾನಿ, ಸಾವಿನವರೆಗೂ ಅಪಾಯ ತರಲು ಅನುಮತಿ ಕೊಡುತ್ತಾರೆ; ಹೊಡೆದವನಿಗೆ ಯಾವ ಹೊಣೆಯೂ ಇರುವುದಿಲ್ಲ. ದೇಹವು ಅಲ್ಲಾಹನ ಅಮಾನತ್ ಆಗಿರುವಾಗ ಅದನ್ನು ಕೆಡಿಸಲು ಇನ್ನೊಬ್ಬನಿಗೆ ಅನುಮತಿ ಕೊಡುವ ಅಧಿಕಾರ ನಮಗೆಲ್ಲಿಯದು?

ಒಪ್ಪಿಗೆ ಕೊಟ್ಟ ಮಾತ್ರಕ್ಕೆ ಹೊಣೆ ಅಳಿಯುವುದೇ ಎಂಬ ಪ್ರಶ್ನೆ ನಾಲ್ಕು ವರ್ಷಗಳ ಬಳಿಕ ಲಂಡನಿನಲ್ಲಿ ಬೇರೊಂದು ರೂಪದಲ್ಲಿ ಎದ್ದಿತು. 1991ರ ಸೆಪ್ಟೆಂಬರ್ 21ರಂದು ಮೈಕೆಲ್ ವಾಟ್ಸನ್ ಎಂಬ ಬಾಕ್ಸರ್ ಕ್ರಿಸ್ ಯೂಬ್ಯಾಂಕ್ ವಿರುದ್ಧದ ಪಂದ್ಯದಲ್ಲಿ ಕುಸಿದರು. ವೈದ್ಯರು ಅಲ್ಲಿದ್ದರು, ಆದರೆ ಉಸಿರಾಟವನ್ನು ಕೂಡಲೇ ಸ್ಥಿರಗೊಳಿಸುವ ತಕ್ಕ ವ್ಯವಸ್ಥೆ ರಿಂಗಿನ ಬಳಿ ಇರಲಿಲ್ಲ. ಮೊದಲು ಒಯ್ದ ಆಸ್ಪತ್ರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯ ಸೌಲಭ್ಯವಿರಲಿಲ್ಲ. ಅವರು ಬದುಕಿದರು, ಆದರೆ ದೇಹದ ಒಂದು ಭಾಗದ ಶಕ್ತಿ ಕುಂದಿತು. ಅವರು ಬ್ರಿಟಿಷ್ ಬಾಕ್ಸಿಂಗ್ ಮಂಡಳಿಯ ವಿರುದ್ಧ ದಾವೆ ಹೂಡಿದರು. 1999ರಲ್ಲಿ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. 2000ದಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಪೆಟ್ಟಿಗೆ ಒಪ್ಪಿದವನು ಚಿಕಿತ್ಸೆಯ ಕೊರತೆಗೆ ಒಪ್ಪಿದವನಲ್ಲ; ನಿಯಮ ರೂಪಿಸುವ ಸಂಸ್ಥೆಯು ಅವನ ಸುರಕ್ಷೆಗೆ ಹೊಣೆ ಎಂಬುದು ಆ ತೀರ್ಪಿನ ಸಾರ.

ಎಂ.ಎಂ.ಎ.ಯ ಇತಿಹಾಸವೂ ಇದೇ ದಾರಿಯಲ್ಲಿ ಸಾಗಿತು. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಯು.ಎಫ್.ಸಿ.ಯ ಮೊದಲ ಸ್ಪರ್ಧೆ ನಡೆಯಿತು. ತೂಕದ ವರ್ಗಗಳಿರಲಿಲ್ಲ, ಅಂಕ ನೀಡುವ ತೀರ್ಪುಗಾರರಿರಲಿಲ್ಲ. ಕಚ್ಚುವುದು, ಕಣ್ಣಿಗೆ ಬೆರಳು ಹಾಕುವುದು ಬಿಟ್ಟರೆ ಬಹುತೇಕ ಎಲ್ಲಕ್ಕೂ ಅವಕಾಶವಿತ್ತು. 1996ರಲ್ಲಿ ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕಕ್ಕೆ ಹೋಲಿಸಿ, ನಿಷೇಧಿಸುವಂತೆ ಎಲ್ಲ ರಾಜ್ಯಗಳ ಗವರ್ನರುಗಳಿಗೆ ಬರೆದರು. ಹಲವು ರಾಜ್ಯಗಳು ಬಾಗಿಲು ಮುಚ್ಚಿದವು. ಆಗಷ್ಟೇ ಸುಧಾರಣೆ ಚುರುಕಾಯಿತು. 1997ರಲ್ಲಿ ತೂಕದ ವರ್ಗಗಳೂ ಕಡ್ಡಾಯ ಕೈಗವಸುಗಳೂ ಬಂದವು. 2001ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯಲ್ಲಿ ನಡೆದ ಸಭೆಯಲ್ಲಿ ಏಕೀಕೃತ ನಿಯಮಾವಳಿ ರೂಪುಗೊಂಡಿತು. ತಲೆಯ ಹಿಂಭಾಗ ಮತ್ತು ಬೆನ್ನುಮೂಳೆಗೆ ಹೊಡೆಯುವುದು, ನೆಲದಲ್ಲಿರುವವನ ತಲೆಗೆ ಒದೆಯುವುದು ನಿಷಿದ್ಧವಾದವು.

ಹವ್ಯಾಸಿಗಳಿಗೆ ಇದಕ್ಕಿಂತಲೂ ಬಿಗಿಯಾದ ಕಟ್ಟಳೆ ಬೇಕೆಂಬುದು ತಡವಾಗಿ ಅರಿವಾಯಿತು. 2012ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಒಕ್ಕೂಟ ಐ.ಎಂ.ಎಂ.ಎ.ಎಫ್. ತನ್ನ ಪಂದ್ಯಗಳನ್ನು ತಲಾ ಮೂರು ನಿಮಿಷಗಳ ಮೂರು ಸುತ್ತುಗಳಿಗೆ ಸೀಮಿತಗೊಳಿಸಿತು. ಮೊಣಕೈ ಪೆಟ್ಟು, ತಲೆಗೆ ಮೊಣಕಾಲಿನ ಪೆಟ್ಟು, ಹಿಮ್ಮಡಿ ತಿರುಚುವ ಪಟ್ಟುಗಳಿಗೆ ಅಲ್ಲಿ ಅವಕಾಶವಿಲ್ಲ. ಮೊಣಕಾಲಿನ ಕೆಳಗೆ ರಕ್ಷಾಕವಚ ಧರಿಸಬೇಕು. ಕೈಗವಸು ವೃತ್ತಿಪರರದ್ದಕ್ಕಿಂತ ದಪ್ಪ. ಬಹ್ರೈನ್‌ನ ಮನಾಮದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ಗಳೂ ಈ ಒಕ್ಕೂಟದವೇ.

ಪೆಟ್ಟಿನಷ್ಟೇ ಅಪಾಯಕಾರಿಯಾದ ಇನ್ನೊಂದು ಸಂಗತಿಯಿದೆ: ಕೆಳಗಿನ ತೂಕದ ವರ್ಗಕ್ಕೆ ಇಳಿಯಲು ನೀರು ಬಿಟ್ಟು ಬೆವರು ಹರಿಸುವುದು. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಹೀಗೆ ತೂಕ ಇಳಿಸುತ್ತಿದ್ದ ಚೀನಾದ ತರುಣನೊಬ್ಬ ಪಂದ್ಯಕ್ಕೆ ಮೊದಲೇ ಮೃತಪಟ್ಟ. ನಮ್ಮ ಮಕ್ಕಳು ಬಹುವಾಗಿ ಮೆಚ್ಚುವ ದಾಗೆಸ್ತಾನದ ಖಬೀಬ್ ನೂರ್ಮಗೊಮೆದೋವ್ ಕೂಡ 2017ರ ಮಾರ್ಚ್‌ನಲ್ಲಿ ಇದೇ ಕಾರಣದಿಂದ ಆಸ್ಪತ್ರೆ ಸೇರಿ, ಪಂದ್ಯವೇ ರದ್ದಾಯಿತು. ಖಬೀಬರ ಗೆಲುವುಗಳನ್ನು ಬಾಯಿಪಾಠ ಹೇಳುವ ಹುಡುಗರಲ್ಲಿ ಎಷ್ಟು ಮಂದಿಗೆ ಈ ಘಟನೆ ತಿಳಿದಿದೆ?

ಇಲ್ಲೊಂದು ವಿಪರ್ಯಾಸವಿದೆ. ಕೋಟಿಗಟ್ಟಲೆ ಹಣಕ್ಕೆ ಕಾದಾಡುವವನ ಸುತ್ತ ವೈದ್ಯರು, ಆಂಬುಲೆನ್ಸ್, ಸರಕಾರಿ ಆಯೋಗದ ಅಧಿಕಾರಿಗಳು ಇರುತ್ತಾರೆ. ಪದಕವೊಂದಕ್ಕಾಗಿ ಕಾದಾಡುವ ಹವ್ಯಾಸಿಗೆ ಅನೇಕ ಕಡೆ ಇವು ಯಾವುವೂ ಇಲ್ಲ. ಅಮೆರಿಕದಲ್ಲಿರುವಂಥ ಸರಕಾರಿ ಅಥ್ಲೆಟಿಕ್ ಆಯೋಗಗಳು ನಮ್ಮಲ್ಲಿಲ್ಲ. 2022ರಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಇದು ದೂರದ ದೇಶದ ಮಾತಲ್ಲ.

ಎರಡು ದಿನಗಳ ಬಳಿಕ ಆ ತಂದೆಗೆ ನಾನು ವಿದ್ವಾಂಸರ ತೀರ್ಮಾನವನ್ನು ವಿವರಿಸಿದೆ. ಬಳಿಕ, ಮಗ ಹೇಗೂ ಹಟ ಹಿಡಿದಿರುವುದರಿಂದ, ಸಂಘಟಕರಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಲು ಹೇಳಿದೆ. ತಲೆಗೆ ಮೊಣಕೈ, ಮೊಣಕಾಲಿನ ಪೆಟ್ಟಿಗೆ ಅವಕಾಶವಿದೆಯೇ? ರಿಂಗಿನ ಬಳಿ ವೈದ್ಯರೂ ಆಂಬುಲೆನ್ಸೂ ಇರುತ್ತವೆಯೇ? ಮೆದುಳಿನ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆ ಎಷ್ಟು ದೂರ? ತಲೆಗೆ ಪೆಟ್ಟು ಬಿದ್ದವನನ್ನು ಎಷ್ಟು ದಿನ ಪಂದ್ಯದಿಂದ ದೂರವಿಡುತ್ತಾರೆ?

ಮೊದಲ ಪ್ರಶ್ನೆಗೆ ಗೊಂದಲದ ಉತ್ತರ ಬಂತು. ಎರಡನೆಯದಕ್ಕೆ, ಅಗತ್ಯ ಬಿದ್ದರೆ ಕರೆಸುತ್ತೇವೆ ಎಂಬ ಉತ್ತರ. ಉಳಿದ ಎರಡಕ್ಕೆ ಮೌನ. ಅವರು ಸಹಿ ಹಾಕಲಿಲ್ಲ. ಮಗ ಮೂರು ದಿನ ತಂದೆಯೊಂದಿಗೆ ಮಾತು ಬಿಟ್ಟ. ನನ್ನ ಮೇಲೂ ಮುನಿಸಿಕೊಂಡ. ಈಗ ಅವನು ಕುಸ್ತಿಯ ತಾಲೀಮಿಗೆ ಹೋಗುತ್ತಿದ್ದಾನೆ. ಬಲಶಾಲಿಯೆಂದರೆ ಇತರರನ್ನು ಕೆಡವುವವನಲ್ಲ, ಕೋಪದಲ್ಲಿ ತನ್ನನ್ನು ಹಿಡಿತದಲ್ಲಿಟ್ಟುಕೊಳ್ಳುವವನು ಎಂಬ ಅರ್ಥದ ಪ್ರವಾದಿ(ಸ) ವಚನವನ್ನು ಅವನಿಗೆ ನೆನಪಿಸಬೇಕೆಂದಿದ್ದೆ. ಆದರೆ ಅವನ ಮುನಿಸು ಇಳಿಯುವವರೆಗೆ ಕಾಯುವುದು ಒಳಿತೆನಿಸಿತು.

ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್. ಅವರ ಪರವಾಗಿ ನಾವು ಹಾಕುವ ಸಹಿಯ ಬಗ್ಗೆ ನಾಳೆ ನಮ್ಮನ್ನೇ ವಿಚಾರಿಸಲಾಗುವುದು. ಯಾರೂ ಹೊಣೆಯಲ್ಲ ಎಂದು ಕಾಗದದಲ್ಲಿ ಬರೆದಿರಬಹುದು. ಸಹಿ ಹಾಕುವವರಿಗೆ ಆ ವಿನಾಯಿತಿ ಇಲ್ಲ.